ಲಾರಿಯ ಡೀಸೆಲ್‌ಗೆ ನೀರು ಸೇರಿದರೆ ಏನು ಮಾಡಬೇಕು?

ಮಳೆಗಾಲದಲ್ಲಿ ಕಾರವಾರದಲ್ಲಿ ಸುಮ್ನೆ ನಿಂತಿದ್ದ ಲಾರಿ ಈಗ ಅರಬೈಲು ಘಟ್ಟ ಏರುವಾಗ ಜಗ್ಗುತ್ತಿದೆ, ಡೀಸೆಲ್ ಫಿಲ್ಟರ್‌ನ ಕೆಳಗಿರುವ, ನೀರು ಶೇಖರವಾಗುವ ಬಟ್ಟಲಿನಲ್ಲಿ ನೀರಿದೆ, ಏನು ಮಾಡಲಿ ಎಂದು ಕೇಳಿದ್ದೀರಿ.

ಎಂಜಿನ್ ಆಫ್ ಮಾಡಿ, ಬಟ್ಟಲಿನ ತಳದ ಡ್ರೈನ್ ಸ್ಕ್ರೂ ಸಡಿಲಿಸಿ. ನೀರು ಡೀಸೆಲ್‌ಗಿಂತ ಭಾರ, ತಳದಲ್ಲೇ ನಿಲ್ಲುತ್ತದೆ. ಹಾಗಾಗಿ ಮೊದಲು ನೀರೇ ಬರುತ್ತದೆ. ಬರೀ ಡೀಸೆಲ್ ಬಂದಾಗ ಮುಚ್ಚಿ, ಹ್ಯಾಂಡ್ ಪಂಪ್ ಒತ್ತಿ ಡೀಸೆಲ್ ಪೈಪಿನೊಳಗೆ ಸೇರಿದ ಗಾಳಿ ತೆಗೆಯಿರಿ. ಸ್ವಲ್ಪ ಓಡಿಸುವಷ್ಟರಲ್ಲಿ ಬಟ್ಟಲು ಮತ್ತೆ ತುಂಬಿದರೆ ನೀರು ಟ್ಯಾಂಕಿನಲ್ಲೇ ಜಾಸ್ತಿ ಇದೆ ಎಂದರ್ಥ. ಆಗ ಟ್ಯಾಂಕ್ ಖಾಲಿ ಮಾಡಿಸಿ, ಹೊಸ ಫಿಲ್ಟರ್ ಹಾಕಿಸಲೇಬೇಕು.

ದಯವಿಟ್ಟು ಹಾಗೇ ಓಡಿಸಬೇಡಿ. ಎಂಜಿನ್ನಿಗೆ ಡೀಸೆಲ್ ತಳ್ಳುವ ಪಂಪ್ ಮತ್ತು ಅದನ್ನು ಒಳಗೆ ಸಿಂಪಡಿಸುವ ಇಂಜೆಕ್ಟರ್‌ಗಳ ಒಳಭಾಗ ಸವೆಯದಂತೆ ಜಾರಿಕೆ ಕೊಡುವುದು ಡೀಸೆಲ್ಲೇ. ನೀರಿಗೆ ಆ ಗುಣವಿಲ್ಲ, ಮೇಲಾಗಿ ತುಕ್ಕು ಹಿಡಿಸುತ್ತದೆ. ಕಾಮನ್ ರೈಲ್ ಎಂಜಿನ್ನಿನಲ್ಲಿ, ಅಂದರೆ ಎಲ್ಲ ಇಂಜೆಕ್ಟರ್‌ಗಳಿಗೂ ಒಂದೇ ಕೊಳವೆಯಿಂದ ಡೀಸೆಲ್ ಹೋಗುವ ಎಂಜಿನ್ನಿನಲ್ಲಿ, ಡೀಸೆಲ್‌ನ ಒತ್ತಡ 1,000 ಬಾರ್ (ಸುತ್ತಲಿನ ಗಾಳಿಯ ಒತ್ತಡದ ಸುಮಾರು ಸಾವಿರ ಪಟ್ಟು) ದಾಟುತ್ತದೆ. ಅಲ್ಲಿ ಸವೆತ ಬಲು ಬೇಗ, ರಿಪೇರಿ ಬಲು ದುಬಾರಿ.

ನೀರು ಬಂದದ್ದೆಲ್ಲಿಂದ? ಕರಾವಳಿಯ ಗಾಳಿಯಲ್ಲಿ ತೇವ ಜಾಸ್ತಿ ಅಲ್ವಾ? ಅರ್ಧ ಖಾಲಿ ಟ್ಯಾಂಕಿನೊಳಗೆ ಅದು ರಾತ್ರಿಯ ತಂಪಿಗೆ ಹನಿಗಟ್ಟುತ್ತದೆ. ಮುಚ್ಚಳದ ರಬ್ಬರ್ ಹಳತಾಗಿದ್ದರೆ ಮಳೆನೀರೂ ಇಳಿಯುತ್ತದೆ, ಅದನ್ನೂ ನೋಡಿ. ಲಾರಿಯನ್ನು ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕ್ ತುಂಬಿಸಿಯೇ ನಿಲ್ಲಿಸಿ.