ಹೊರಗೆ ನಿಲ್ಲಿಸಿದ್ದು ಯಾರಿಗೆ ಅನುಕೂಲ?

ಪತ್ರ: ಏಳನೇ ತರಗತಿಯ ಹುಡುಗನೊಬ್ಬ ಗಣಿತದ ಪೀರಿಯಡ್‌ನಲ್ಲಿ ದಿನವೂ ಗಲಾಟೆ ಮಾಡುತ್ತಾನೆ. ಹೊರಗೆ ನಿಲ್ಲಿಸಿದರೂ ಬುದ್ಧಿ ಬಂದಿಲ್ಲ. ಮನೆಯಲ್ಲಿ ಸಂಸ್ಕಾರ ಕಲಿಸದಿದ್ದರೆ ನಾವೇನು ಮಾಡೋಣ? – ಒಬ್ಬ ಶಿಕ್ಷಕ

ಸಂಪಾದಕರ ಉತ್ತರ: ತುಂಬಿದ ತರಗತಿಯಲ್ಲಿ ಒಬ್ಬನಿಂದ ಉಳಿದವರ ಪಾಠ ಕೆಡಬಾರದು, ಒಪ್ಪಿದೆ. ಆದರೆ ಮೇಷ್ಟ್ರೇ, ನಿಮ್ಮ ಪ್ರಶ್ನೆಗೆ ಉತ್ತರ ನಿಮ್ಮ ಪತ್ರದಲ್ಲೇ ಇದೆ. ಗಲಾಟೆ ಗಣಿತದಲ್ಲಿ ಮಾತ್ರ. ಸಂಸ್ಕಾರದ ಕೊರತೆ ಪೀರಿಯಡ್ ನೋಡಿಕೊಂಡು ಬರುತ್ತದೆಯೇ?

ಮೊದಲು ಅವನಿಗೆ ಬೋರ್ಡು ಕಾಣುತ್ತದೆಯೇ, ಕಿವಿ ಸರಿಯಾಗಿ ಕೇಳುತ್ತದೆಯೇ, ರಾತ್ರಿ ನಿದ್ದೆ ಆಗಿದೆಯೇ ಎಂದು ವಿಚಾರಿಸಿ. ಆಮೇಲೆ ಒಂದೆರಡು ವಾರ ಹಾಳೆಯಲ್ಲಿ ಮೂರು ಕಾಲಂ ಎಳೆದು ಬರೆಯಿರಿ: ಮುಂಚೆ ಏನಾಯಿತು, ಅವನು ಏನು ಮಾಡಿದ, ಆಮೇಲೆ ಅವನಿಗೆ ಏನು ಸಿಕ್ಕಿತು. ‘ಉಡಾಫೆ ಮಾಡಿದ’ ಎಂದು ಬರೆದರೆ ಉಪಯೋಗವಿಲ್ಲ. ‘ಭಿನ್ನರಾಶಿಯ ಲೆಕ್ಕ ಕೊಟ್ಟ ಎರಡು ನಿಮಿಷಕ್ಕೆ ಸ್ಕೇಲಿನಿಂದ ಡೆಸ್ಕ್ ಬಡಿದ, ಹೊರಗೆ ಕಳಿಸಿದೆ, ಲೆಕ್ಕ ಮಾಡುವುದು ತಪ್ಪಿತು’ ಎಂದು ಬರೆಯಿರಿ. ಮೂರನೇ ಕಾಲಂನಲ್ಲಿ ಪದೇ ಪದೇ ‘ಲೆಕ್ಕ ಮಾಡುವುದು ತಪ್ಪಿತು’ ಎಂದೇ ಬಂದರೆ, ನೀವು ಶಿಕ್ಷೆ ಎಂದುಕೊಂಡದ್ದು ಅವನಿಗೆ ಬಿಡುಗಡೆ. ‘ಎಲ್ಲರೂ ನಕ್ಕರು’, ‘ನಾನು ಹತ್ತಿರ ಹೋಗಿ ಬೈದೆ’ ಎಂದು ಬಂದರೆ ಅವನಿಗೆ ಬೇಕಾದದ್ದು ಗಮನ.

ಊಹೆಯನ್ನು ಪರೀಕ್ಷಿಸುವುದೂ ಕಷ್ಟವಲ್ಲ. ಒಂದು ದಿನ ಅವನಿಗೆ ಖಂಡಿತ ಬರುವ ಲೆಕ್ಕ ಕೊಡಿ, ಇನ್ನೊಂದು ದಿನ ಕಷ್ಟದ್ದನ್ನೇ ಕೊಟ್ಟು ಪಕ್ಕದಲ್ಲಿ ನಿಂತು ಮಾತಾಡಿಸುತ್ತಿರಿ. ಡೆಸ್ಕ್ ಯಾವ ದಿನ ಸುಮ್ಮನಿತ್ತು ನೋಡಿ. 1982ರಲ್ಲಿ ಅಮೆರಿಕದ ಮನಃಶಾಸ್ತ್ರಜ್ಞ ಬ್ರಯಾನ್ ಇವಾಟ ಮತ್ತು ಸಂಗಡಿಗರು, ತಮಗೆ ತಾವೇ ಪೆಟ್ಟು ಮಾಡಿಕೊಳ್ಳುತ್ತಿದ್ದ ಒಂಬತ್ತು ಮಂದಿಯನ್ನು ಹೀಗೆಯೇ ಸನ್ನಿವೇಶ ಬದಲಿಸಿ, ಒಂದೊಂದು ಸಲಕ್ಕೆ 15 ನಿಮಿಷ ಗಮನಿಸಿದ್ದರು. ವರ್ತನೆ ಒಂದೇ ಬಗೆಯದು, ಕಾರಣ ಮಾತ್ರ ಎಲ್ಲರಿಗೂ ಒಂದೇ ಆಗಿರಲಿಲ್ಲ.

ಕಾರಣ ತಪ್ಪಾದರೆ ಮದ್ದೂ ತಿರುಗಿಬೀಳುತ್ತದೆ. ‘ಕಂಡೂ ಕಾಣದಂತಿರಿ’ ಎಂಬ ಜನಪ್ರಿಯ ಸಲಹೆ ಗಮನ ಬಯಸುವವನಿಗೆ ಸರಿ. ಲೆಕ್ಕ ತಪ್ಪಿಸಿಕೊಳ್ಳುವವನಿಗೆ ಅದು ರಜೆ ಕೊಟ್ಟಂತೆ. ಸರಿಯಾದ ಕಡೆ ಬಳಸಿದರೂ ಗಲಾಟೆ ಮೊದಲು ಜೋರಾಗಬಹುದು. ಮೂರನೇ ದಿನ ಸೋತು ಬೈದರೆ, ಇನ್ನೂ ಗಟ್ಟಿಯಾಗಿ ಬಡಿಯಬೇಕೆಂದು ನೀವೇ ಕಲಿಸಿದ ಹಾಗಾಯಿತು.

ಲೆಕ್ಕ ತಪ್ಪಿಸಿಕೊಳ್ಳುವವನಿಗೆ ‘ಅರ್ಥವಾಗಲಿಲ್ಲ ಸಾರ್’ ಎಂದು ಕೇಳುವುದನ್ನು ಕಲಿಸಿ, ಕೇಳಿದ ತಕ್ಷಣ ಹೋಗಿ. ತಡಮಾಡಿದರೆ ಸ್ಕೇಲೇ ಗೆಲ್ಲುತ್ತದೆ. ಮನಃಶಾಸ್ತ್ರಜ್ಞರಾದ ಎಡ್ವರ್ಡ್ ಕಾರ್ ಮತ್ತು ಮಾರ್ಕ್ ಡ್ಯುರಾಂಡ್ 1985ರಲ್ಲೇ ತೋರಿಸಿದ್ದರು: ಕಾರಣಕ್ಕೆ ಹೊಂದುವ ಮಾತು ಕಲಿಸಿದಾಗ ಗಲಾಟೆ ಇಳಿಯಿತು, ಹೊಂದದ ಮಾತು ಕಲಿಸಿದಾಗ ಇಳಿಯಲಿಲ್ಲ.

ಇಷ್ಟೆಲ್ಲ ಗೊತ್ತಿದ್ದೂ ಶಾಲೆಗಳ ದೂರು ಪುಸ್ತಕದಲ್ಲಿ ಇರುವುದು ಹೆಸರು, ತಪ್ಪು, ಶಿಕ್ಷೆ. ‘ಮುಂಚೆ ಏನಾಯಿತು’ ಎಂಬುದಕ್ಕೆ ಜಾಗವೇ ಇಲ್ಲ. ಇದ್ದರೆ ಪಾಠದ ಬಗ್ಗೆಯೂ ಬರೆಯಬೇಕಾದೀತಲ್ಲ! ತಂದೆತಾಯಿಯನ್ನು ಕರೆಸಿ ತಲೆ ತಗ್ಗಿಸಿ ಕೂರಿಸುವುದು ಅದಕ್ಕಿಂತ ಸಲೀಸು. ನೀವು ಅವರನ್ನು ಕರೆಸುವುದೇ ಆದರೆ, ಮನೆಯಲ್ಲಿ ಯಾವ ಕೆಲಸ ಹೇಳಿದಾಗ ಹೀಗಾಡುತ್ತಾನೆ, ಯಾವುದಕ್ಕೆ ಆಡುವುದಿಲ್ಲ ಎಂದು ಕೇಳಿ. ಮೂರು ಕಾಲಂನ ಹಾಳೆಯೂ ಕೈಯಲ್ಲಿರಲಿ.