ಲೀಸ್ ಮನೆ ಗೊತ್ತಿರೋರಿಗೆ ಸಾನೆಟ್ ಗೊತ್ತಾಗಲ್ವಾ?

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ತುಂಬಾನೇ ಇಂಗ್ಲಿಷ್ ಹೋಂವರ್ಕ್ ಬಗ್ಗೆ ಇದಾವೆ, ಅದೂ ಆನ್‌ಲೈನಲ್ಲಿ ಸಹಾಯ ತಗೊಳ್ಳೋದರ ಬಗ್ಗೆ. ಅದಕ್ಕೆ ನಾಲ್ಕನ್ನ ಒಟ್ಟಿಗೆ ತಗೊಂಡಿದೀನಿ. ಮೊದಲನೇದಕ್ಕೆ ಉತ್ತರ ಉದ್ದ ಆಗಿದೆ, ಆ ಹುಡುಗಿಗೆ ಅಷ್ಟು ಹೇಳಲೇಬೇಕು ಅನ್ನಿಸ್ತು.

ಪ್ರಶ್ನೆ: ಮೇಡಂ, ನಮ್ಮನೆ ಲಗ್ಗೆರೆ. ಪಿಯುಸಿವರೆಗೂ ಕನ್ನಡ ಮೀಡಿಯಂ, ಈಗ ಬಿ.ಎ. ಎರಡನೇ ವರ್ಷ, ಆಪ್ಷನಲ್ ಇಂಗ್ಲಿಷ್ ತಗೊಂಡಿದೀನಿ. ಷೇಕ್ಸ್‌ಪಿಯರ್ ಬರೆದಿರೋ ಹದಿನೆಂಟನೇ ಸಾನೆಟ್ (14 ಸಾಲಿನ ಪದ್ಯ) ಮೇಲೆ ಅಸೈನ್‌ಮೆಂಟ್ ಕೊಟ್ಟಿದ್ರು. ಫೋನಲ್ಲಿ ಒಂದು ಗ್ರೂಪಿದೆ, 500 ರೂಪಾಯಿ ಹಾಕಿದ್ರೆ ಬರ್ಕೊಡ್ತಾರೆ, ಮುಂಚೆನೂ ಎರಡು ಸಲ ತಗೊಂಡಿದ್ದೆ. ಈ ಸಲ ಸರ್ ಒಂದು ಸಾಲು ತೋರಿಸಿ ಇದರ ಅರ್ಥ ಹೇಳಮ್ಮ ಅಂದ್ರು, ನನ್ನ ಬಾಯಿಂದ ಮಾತೇ ಬರ್ಲಿಲ್ಲ. ನೀನೇ ಬರ್ಕೊಂಡು ಬಾ ಅಂತ ವಾಪಸ್ ಕೊಟ್ಟಿದಾರೆ. ಆನ್‌ಲೈನಲ್ಲಿ ಸಹಾಯ ಕೇಳೋದೇ ತಪ್ಪಾ ಮೇಡಂ? ಮನೇಲಿ ಕೇಳೋಣ ಅಂದ್ರೆ ಇಂಗ್ಲಿಷ್ ಗೊತ್ತಿರೋರು ಯಾರೂ ಇಲ್ಲ.

ಉತ್ತರ: ಕೇಳೋದು ತಪ್ಪಲ್ಲ ಕಣಮ್ಮ. ಮನೇಲಿ ಕೇಳೋಕೆ ಯಾರೂ ಇಲ್ಲ ಅಂತ ಬರ್ದಿದೀಯಲ್ಲ, ನಿನ್ನಂಥ ಮಕ್ಕಳಿಗೇ ಈ ಇಂಟರ್ನೆಟ್ ಸಹಾಯ ಎಲ್ಲರಿಗಿಂತ ಜಾಸ್ತಿ ಬೇಕಾಗಿರೋದು. ನಾನು ಓದೋವಾಗ ಅದೂ ಇರ್ಲಿಲ್ಲ, ಅವೆನ್ಯೂ ರೋಡಲ್ಲಿ ಹಳೇ ಗೈಡ್ ತಂದು ಬಾಯಿಪಾಠ ಮಾಡಿ ಬರೀತಿದ್ದೆ, ಒಂದಿನ ನಮ್ಮ ಮೇಡಂ ಹೀಗೇ ಒಂದು ಸಾಲು ಕೇಳಿದ್ರು, ಅವತ್ತು ನಿಂತಲ್ಲೇ ಗಂಟಲು ಕಟ್ಟಿದ್ದು ನಂಗಿನ್ನೂ ನೆನಪಿದೆ. ಹಾಗಾಗಿ ನಿನ್ನ ಸಂಕಟ ನಂಗೆ ಅರ್ಥ ಆಗತ್ತೆ. 500 ಕೊಟ್ಟು ನೀನು ತಗೊಂಡಿದ್ದು ಬೇರೆಯವರ ಉತ್ತರ, ಪದ್ಯ ಮಾತ್ರ ಇನ್ನೂ ಮುಚ್ಚಿದ ಬಾಗಿಲ ಹಿಂದೇನೇ ಇದೆ. ಆ ಗ್ರೂಪಿಂದ ಇವತ್ತೇ ಹೊರಗೆ ಬಾ.

ಈಗ ಹೀಗ್ಮಾಡು. ಒಂದು ಲಾಂಗ್ ಬುಕ್ಕಲ್ಲಿ ಆ 14 ಸಾಲನ್ನ ಕೈಯಲ್ಲೇ ಬರ್ಕೋ, ಒಂದೊಂದು ಸಾಲಿನ ಕೆಳಗೂ ಜಾಗ ಬಿಡು. ಆ ಜಾಗದಲ್ಲಿ ನಿಂಗೆ ತಿಳಿದಷ್ಟನ್ನ ಕನ್ನಡದಲ್ಲೇ ಬರಿ, ತಪ್ಪಾದ್ರೂ ಪರ್ವಾಗಿಲ್ಲ. ತಿಳೀದೇ ಇರೋ ಪದಕ್ಕೆ ಸುತ್ತ ಒಂದು ಸೊನ್ನೆ ಹಾಕು. ಎಂಟೋ ಹತ್ತೋ ಸೊನ್ನೆ ಆಗ್ಬಹುದು. ಅಷ್ಟಾದ್ಮೇಲೆ ಫೋನ್ ತೆಗಿ, ಆ ಸೊನ್ನೆಗಳನ್ನ ಮಾತ್ರ ಹುಡುಕು, "ಸಾನೆಟ್ 18 ಸಮ್ಮರಿ" ಅಂತ ಹುಡುಕ್ಬೇಡ.

ಒಂದು ಸೊನ್ನೆ ನಾನೇ ಬಿಡಿಸಿ ತೋರಿಸ್ತೀನಿ. ನಾಲ್ಕನೇ ಸಾಲಲ್ಲಿ ಬೇಸಿಗೆಯ "ಲೀಸ್" ಅಂತ ಒಂದು ಪದ ಇದೆ. ಬೆಂಗಳೂರಲ್ಲಿ ಲೀಸ್ ಅಂದ್ರೆ ಏನು ಅಂತ ನಿಂಗೆ ಯಾರೂ ಹೇಳ್ಕೊಡ್ಬೇಕಾ? ಗೋಡೆ ಮೇಲೆ, ಲೈಟ್ ಕಂಬದ ಮೇಲೆ ಮನೆ ಲೀಸ್‌ಗಿದೆ ಅಂತ ಬೋರ್ಡು ನೋಡ್ಕೊಂಡೇ ಬೆಳೆದೋಳು ನೀನು. ಒಟ್ಟಿಗೆ ಒಂದಿಷ್ಟು ಲಕ್ಷ ಕೊಟ್ಟು ಮೂರು ವರ್ಷ ಅಂತ ಅಗ್ರಿಮೆಂಟ್ ಮಾಡ್ಕೋತೀವಿ, ಅವಧಿ ಮುಗಿದ್ರೆ ಗಂಟುಮೂಟೆ ಕಟ್ಟಬೇಕು, ಎಷ್ಟೇ ಚೆನ್ನಾಗಿದ್ರೂ ಮನೆ ನಮ್ಮದಲ್ಲ. ದುಡ್ಡು ಕೊಡೋ ರೀತಿ ಅಲ್ಲಿಗೂ ಇಲ್ಲಿಗೂ ಬೇರೆ ಇರ್ಬಹುದು, ಆದ್ರೆ ಕವಿ ಹೇಳ್ತಿರೋದು ಇದನ್ನೇ, ಬೇಸಿಗೆಗೆ ಭೂಮಿ ಮೇಲೆ ಸಿಕ್ಕಿರೋದು ಲೀಸು, ಅದರ ಅವಧಿ ತೀರಾ ಕಮ್ಮಿ. ಅದೇ ಸಾಲಲ್ಲಿರೋ "ಡೇಟ್" ಅಂದ್ರೂ ತಾರೀಖಲ್ಲ, ಆ ಅವಧೀನೇ. ಇದನ್ನ ಯಾವ ಗೈಡೂ ನಿಂಗೆ ಹೀಗೆ ಹೇಳಲ್ಲ, ನೀನು ಬರೆದ್ರೆ ಮಾತ್ರ ಬರತ್ತೆ.

ಹಾಗೇ ಮೊದಲನೇ ಸಾಲು. ನಿನ್ನನ್ನ ಬೇಸಿಗೆ ದಿನಕ್ಕೆ ಹೋಲಿಸ್ಲಾ ಅಂತ ಕೇಳ್ತಾನೆ. ನಮಗೆ ಬೇಸಿಗೆ ಅಂದ್ರೆ ಧಗೆ, ಟ್ಯಾಂಕರ್ ನೀರು, ಸಂಜೆ ಮಳೆ ಬಂದ್ರೆ ಸಾಕಪ್ಪ ಅನ್ನೋದು, ಹಾಗಿದ್ಮೇಲೆ ಇದೇನು ಹೊಗಳಿಕೇನಾ ಬೈಗುಳಾನಾ ಅಂತ ನಿಂಗೆ ಅನುಮಾನ ಬಂದಿದ್ರೆ ಅದು ಒಳ್ಳೇ ಅನುಮಾನ. ಇಂಗ್ಲೆಂಡಲ್ಲಿ ಚಳಿಗಾಲ ಉದ್ದ, ಸೂರ್ಯ ಮಧ್ಯಾಹ್ನ ನಾಲ್ಕಕ್ಕೇ ಮುಳುಗೋ ದಿನಗಳಿರತ್ತೆ, ನಾವು ಮುಂಗಾರು ಯಾವಾಗ ಬರತ್ತೋ ಅಂತ ಕಾಯೋ ಹಾಗೆ ಅವರು ಬೇಸಿಗೆಗೆ ಕಾಯ್ತಾರೆ. ಅಂಥ ಬೇಸಿಗೆಗಿಂತ್ಲೂ ನೀನು ಹದವಾಗಿದೀಯ ಅಂತಾನೆ, ಅಲ್ಲಿರೋ "ಟೆಂಪರೇಟ್" ಅನ್ನೋ ಪದಕ್ಕೆ ಹದ ಅನ್ನೋದಕ್ಕಿಂತ ಚೆನ್ನಾಗಿರೋ ಕನ್ನಡ ನಂಗಂತೂ ಹೊಳೀತಿಲ್ಲ. ಈ ಅನುಮಾನ, ಈ ಎರಡು ಬೇಸಿಗೆ, ಇಷ್ಟನ್ನೇ ಅಸೈನ್‌ಮೆಂಟಿನ ಮೊದಲನೇ ಪ್ಯಾರಾ ಮಾಡು.

"ದೌ", "ದೀ" ಅಂತ ಬರತ್ತಲ್ಲ, ಅದಕ್ಕೂ ಹೆದರ್ಬೇಡ. ಆಗ ಇಂಗ್ಲಿಷಲ್ಲೂ ನೀನು-ನೀವು ಎರಡೂ ಇತ್ತು, "ದೌ" ಅಂದ್ರೆ ನೀನು, "ದೀ" ಅಂದ್ರೆ ನಿನ್ನನ್ನ ಅಥವಾ ನಿಂಗೆ, ಆಮೇಲೆ ಅವರು ಅದನ್ನ ಕಳ್ಕೊಂಡ್ರು, ಎಲ್ಲರಿಗೂ "ಯೂ" ಒಂದೇ ಆಯ್ತು. ನಮ್ಮಲ್ಲಿ ಎರಡೂ ಇದೆ, ಹಾಗಾಗಿ ಯಾರನ್ನ ಯಾರು ಸಲಿಗೆಯಿಂದ ಮಾತಾಡಿಸ್ತಿದಾರೆ ಅನ್ನೋದು ನಿಂಗೆ ಥಟ್ಟಂತ ಹೊಳೆಯತ್ತೆ. ಕನ್ನಡ ಮೀಡಿಯಂ ಅಂತ ತಲೆ ತಗ್ಗಿಸ್ಬೇಡಮ್ಮ, ಇಲ್ಲಿ ಅದು ನಿನ್ನ ಕೈಯಲ್ಲಿರೋ ಬಂಡವಾಳ. ಆದ್ರೆ ಛಂದಸ್ಸಲ್ಲಿ ಮಾತ್ರ ಸ್ವಲ್ಪ ಹುಷಾರು, ನಮ್ಮ ಲಘು-ಗುರು ಉಚ್ಚಾರಣೆ ಎಷ್ಟು ಹೊತ್ತು ಅನ್ನೋದರ ಮೇಲೆ ನಿಂತಿದೆ, ಇಂಗ್ಲಿಷಿಂದು ಯಾವ ಅಕ್ಷರದ ಮೇಲೆ ಒತ್ತು ಬೀಳತ್ತೆ ಅನ್ನೋದರ ಮೇಲೆ. ಸಾಲಿಗೆ ಹತ್ತು ಸಿಲಬಲ್ (ಒಂದೇ ಉಸಿರಿಗೆ ಬರೋ ಉಚ್ಚಾರದ ತುಂಡು), ಐದು ಒತ್ತು. ಮಾತ್ರೆ ಎಣಿಸೋಕೆ ಹೋದ್ರೆ ಲೆಕ್ಕ ತಪ್ಪತ್ತೆ. ಲಿಬ್ರಿವಾಕ್ಸ್ ಅಂತ ಇದೆ, ಹಳೇ ಪುಸ್ತಕಗಳನ್ನ ಸ್ವಯಂಸೇವಕರು ಓದಿ ಫ್ರೀಯಾಗಿ ಹಾಕಿರ್ತಾರೆ, ಅಲ್ಲಿ ಸಾನೆಟ್‌ಗಳೂ ಇದಾವೆ, ಬಸ್ಸಲ್ಲಿ ಕಿವಿಗೆ ಹಾಕ್ಕೊಂಡು ಹತ್ತು ಸಲ ಕೇಳು.

ಯಾವ ಸೈಟ್ ನಂಬೋದು? ಷೇಕ್ಸ್‌ಪಿಯರ್ ಮೂಲಕ್ಕೆ ವಾಷಿಂಗ್ಟನ್ನಿನ ಫೋಲ್ಜರ್ ಲೈಬ್ರರಿ ಸೈಟ್ ನೋಡು, ಫ್ರೀ. ನಮ್ಮ ಸಿಲಬಸ್‌ಗೆ ಹತ್ರ ಇರೋ ಪಾಠಗಳು ಇಗ್ನೋದವರ ಇ-ಜ್ಞಾನಕೋಶದಲ್ಲೂ ಯುಜಿಸಿಯ ಇ-ಪಿಜಿ ಪಾಠಶಾಲಾದಲ್ಲೂ ಸಿಗತ್ತೆ, ಪಾಠಶಾಲಾದ್ದು ಎಂ.ಎ. ಮಟ್ಟದ್ದು, ಮೊದಲು ಸ್ವಲ್ಪ ಕಷ್ಟ ಆಗತ್ತೆ. ಇನ್ನು ಗೊತ್ತಿಲ್ಲದ ಸೈಟಾದ್ರೆ ಒಂದು ಪರೀಕ್ಷೆ ಮಾಡು. ಸಾನೆಟ್‌ಗಳು 1609ರಲ್ಲಿ ಪುಸ್ತಕವಾಗಿ ಬಂದ್ವು, ಒಟ್ಟು 154, ಅದರಲ್ಲಿ ಮೊದಲ 126 ಒಬ್ಬ ಯುವಕನನ್ನ ಕುರಿತು ಬರೆದಿದ್ದು ಅಂತ ವಿದ್ವಾಂಸರು ಸಾಮಾನ್ಯವಾಗಿ ಓದ್ಕೊಂಡು ಬಂದಿದಾರೆ. ಇದರ ಸುದ್ದೀನೇ ಎತ್ತದೆ, ಕವಿ ತನ್ನ ಪ್ರೇಯಸಿಗೆ ಹಾಡ್ತಿದಾನೆ ಅಂತ ಖಡಾಖಂಡಿತವಾಗಿ ಬರೆದಿರೋ ಸೈಟು ಸರಿಯಾಗಿ ಓದಿಲ್ಲ ಅಂತ ಅರ್ಥ, ಮುಚ್ಚಿಬಿಡು.

ನಿಮ್ಮ ಸರ್ ಹತ್ರ ಹೋಗಿ ಹಿಂದಿನ ಎರಡರ ವಿಷಯಾನೂ ಹೇಳ್ಬಿಡು. ಈ ಲಾಂಗ್ ಬುಕ್ಕನ್ನೂ ತಗೊಂಡ್ಹೋಗು, ಸೊನ್ನೆಗಳ ಸಮೇತ. ವಾಪಸ್ ಕೊಟ್ಟು ನೀನೇ ಬರಿ ಅಂದಿರೋ ಮೇಷ್ಟ್ರು ಒಳ್ಳೆಯವರು.

ಪ್ರಶ್ನೆ: ಕಾದಂಬರಿ ಬಗ್ಗೆ ಪ್ರಾಜೆಕ್ಟಿಗೆ ಎಐ ಹತ್ರ ಕೇಳಿದೆ ಮೇಡಂ, ಕಾದಂಬರಿಯ ಸಾಲು ಅಂತ ಮೂರು ಕೊಟ್ತು. ಅದರಲ್ಲಿ ಒಂದು ಪುಸ್ತಕದಲ್ಲೇ ಇಲ್ಲ ಅಂತ ಗೈಡ್ ಮೇಡಂ ಹಿಡಿದ್ರು. ಹೀಗೂ ಆಗತ್ತಾ? (ಎಂ.ಎ. ವಿದ್ಯಾರ್ಥಿ, ನಾಗರಭಾವಿ)

ಉತ್ತರ: ಆಗತ್ತೆ, ಆಗ್ತಾನೇ ಇರತ್ತೆ. ಅದು ಪ್ರತಿಸಲ ಪುಸ್ತಕ ತೆಗೆದು ನೋಡಿ ಹೇಳಲ್ಲ, ಒಂದು ಪದದ ಪಕ್ಕ ಇನ್ಯಾವ ಪದ ಬಂದ್ರೆ ಸರಿಹೋಗತ್ತೆ ಅನ್ನೋ ಅಂದಾಜಲ್ಲಿ ಸಾಲು ಕಟ್ಟತ್ತೆ, ಹಾಗಾಗಿ ಇಲ್ಲದಿರೋ ಸಾಲೂ ಇರೋ ಸಾಲಿನಷ್ಟೇ ಚೆನ್ನಾಗಿ ಕಾಣ್ಸತ್ತೆ. ಕಾದಂಬರಿ ಹಳೇದಾಗಿದ್ರೆ ಪ್ರಾಜೆಕ್ಟ್ ಗುಟೆನ್‌ಬರ್ಗ್ ಅನ್ನೋ ಸೈಟಿಗೆ ಹೋಗಿ, ಹಳೇ ಪುಸ್ತಕಗಳನ್ನ ಫ್ರೀಯಾಗಿ ಓದೋಕೆ ಹಾಕಿರ್ತಾರೆ, ಅದು 1971ರಿಂದ ನಡೀತಿರೋದು, ಪೂರ್ತಿ ಪುಸ್ತಕ ಒಂದೇ ಪೇಜಲ್ಲಿ ತೆಗೆದು ಆ ಸಾಲಿನ ನಾಲ್ಕು ಪದ ಹುಡುಕಿ. ಸಿಗ್ಲಿಲ್ಲ ಅಂದ್ರೆ ಪ್ರಾಜೆಕ್ಟಲ್ಲಿ ಹಾಕ್ಬೇಡಿ. ಎಐ ಬೇಡ್ವೇ ಬೇಡ ಅಂತ ನಾನು ಹೇಳಲ್ಲ, ನಿಮ್ಮ ಕಾಲೇಜಲ್ಲಿ ಒಪ್ಪಿಗೆ ಇದೆಯಾ ಕೇಳ್ಕೊಳ್ಳಿ, ಇದ್ರೆ ನೀವು ಬರೆದ ಪ್ಯಾರಾ ಹಾಕಿ ಎಲ್ಲಿ ಅರ್ಥ ಆಗ್ತಿಲ್ಲ ಅಂತ ಮಾತ್ರ ಕೇಳಿ, ತಿದ್ದಿ ಬರ್ಕೊಡು ಅನ್ಬೇಡಿ.

ಪ್ರಶ್ನೆ: ಮಗಳು ಒಂಬತ್ತನೇ ಕ್ಲಾಸ್. ಇಂಗ್ಲಿಷ್‌ಗೆ ಆನ್‌ಲೈನ್ ಟ್ಯೂಷನ್ ಹಾಕಿದೀವಿ, ತಿಂಗಳಿಗೆ 3,000. ಹೋಂವರ್ಕೆಲ್ಲ ಒಂದೂ ತಪ್ಪಿಲ್ದೆ ಹೋಗತ್ತೆ, ಟೆಸ್ಟಲ್ಲಿ ಮಾತ್ರ ಮಾರ್ಕ್ಸ್ ಬರಲ್ಲ. ಮುಂದುವರಿಸೋದಾ? (ತಂದೆ, ಕೆಂಗೇರಿ)

ಉತ್ತರ: ತಿದ್ದಿರೋ ಒಂದು ಎಸ್ಸೇ ತೋರಿಸಿ ಅಂತ ಆ ಟ್ಯೂಟರ್‌ನ ಕೇಳಿ ಸರ್. ಅದರಲ್ಲಿ ನಿಮ್ಮ ಮಗಳ ವಾಕ್ಯ ಉಳ್ಕೊಂಡಿದ್ಯಾ, ಇಲ್ಲ ಪೂರಾ ಅವರೇ ಬರೆದುಬಿಟ್ಟಿದಾರಾ ನೋಡಿ. ಅವರೇ ಬರೆದಿದ್ರೆ ಈ ತಿಂಗಳಿಗೇ ನಿಲ್ಲಿಸಿ. ಚೆನ್ನಾಗಿ ಕಲಿಸೋರು ಮಗು ಪದೇ ಪದೇ ಮಾಡೋ ತಪ್ಪನ್ನ ಹಿಡೀತಾರೆ, ಅದು ಯಾಕೆ ಬರತ್ತೆ ಅಂತಾನೂ ಹೇಳ್ತಾರೆ. ಕನ್ನಡದಲ್ಲಿ ಸಲಹೆಗಳು ಅನ್ಬಹುದು, ಹಾಗಾಗಿ ನಮ್ಮ ಮಕ್ಕಳು ಇಂಗ್ಲಿಷಲ್ಲೂ "ಅಡ್ವೈಸಸ್" ಅಂತ ಬರೀತಾರೆ, ಅಲ್ಲಿ ಅದಕ್ಕೆ ಬಹುವಚನ ಇಲ್ಲ. "ದಿ" ಅನ್ನೋದಕ್ಕೆ ನಮ್ಮಲ್ಲಿ ಪದಾನೇ ಇಲ್ಲ, ಅದಕ್ಕೇ ಬಿಟ್ಟುಬಿಡ್ತಾರೆ. ಇದು ದಡ್ಡತನ ಅಲ್ಲ, ದಯವಿಟ್ಟು ಮಗೂನ ಬೈಬೇಡಿ. ಯಾವ ನಾಮಪದ ಎಣಿಸೋಕಾಗತ್ತೆ ಯಾವುದು ಆಗಲ್ಲ ಅಂತ ಗುರುತು ಹಾಕಿರೋ ಲರ್ನರ್ಸ್ ಡಿಕ್ಷನರಿಗಳು ಆನ್‌ಲೈನಲ್ಲಿ ಫ್ರೀಯಾಗಿವೆ, ಅದನ್ನ ನೋಡೋ ಅಭ್ಯಾಸ ಮಾಡಿಸಿ.

ಪ್ರಶ್ನೆ: ಆರ್.ಕೆ. ನಾರಾಯಣ್ ಕಾದಂಬರಿ ಪಾಠಕ್ಕಿದೆ, ಪಿಡಿಎಫ್ ಎಲ್ಲಿ ಸಿಗತ್ತೆ ಮೇಡಂ? ಕೊಂಡ್ಕೊಳ್ಳೋಕೆ ದುಡ್ಡಿಲ್ಲ. (ಬಿ.ಎ. ವಿದ್ಯಾರ್ಥಿ, ಯಶವಂತಪುರ)

ಉತ್ತರ: ನಮ್ಮ ದೇಶದ ಕಾಯ್ದೆ ಪ್ರಕಾರ ಲೇಖಕರು ತೀರ್ಕೊಂಡ ಮೇಲೆ 60 ವರ್ಷ ಕಾಪಿರೈಟ್ ಇರತ್ತೆ. ನಾರಾಯಣ್ ಅವರು ತೀರ್ಕೊಂಡಿದ್ದು 2001ರಲ್ಲಿ, ಅಂದ್ರೆ 2061 ಮುಗಿಯೋವರೆಗೂ ಅವರ ಪುಸ್ತಕದ ಕಳ್ಳ ಪಿಡಿಎಫ್ ನಾನು ತೋರ್ಸಲ್ಲ, ಬೇಜಾರ್ ಮಾಡ್ಕೋಬೇಡಪ್ಪ. ಸರೋಜಿನಿ ನಾಯ್ಡು ಅವರು 1949ರಲ್ಲಿ ತೀರ್ಕೊಂಡ್ರು, ಅವರ ಪದ್ಯಗಳು ಗುಟೆನ್‌ಬರ್ಗಲ್ಲೇ ಇದಾವೆ, ಅವು ಪಾಠಕ್ಕಿದ್ರೆ ಧಾರಾಳವಾಗಿ ಇಳಿಸ್ಕೋ. ನಾರಾಯಣ್‌ಗೆ ಮೊದಲು ಕಾಲೇಜ್ ಲೈಬ್ರರಿ ನೋಡು, ಅಲ್ಲಿಲ್ಲ ಅಂದ್ರೆ ಕಬ್ಬನ್ ಪಾರ್ಕಿನ ಆ ಕೆಂಪು ಕಟ್ಟಡದ ಸೆಂಟ್ರಲ್ ಲೈಬ್ರರಿಗೆ ಹೋಗಿ ಕೌಂಟರಲ್ಲಿ ಕೇಳು. ಒಂದು ನೋಟ್‌ಬುಕ್ ಪೆನ್ನು ತಗೊಂಡ್ಹೋಗು, ಅಲ್ಲೇ ಕೂತು ಓದು. ಅವರ ಇಂಗ್ಲಿಷ್ ತಿಳಿಯಾಗಿದೆ, ಡಿಕ್ಷನರಿ ಜಾಸ್ತಿ ಬೇಕಾಗಲ್ಲ. ಅಲ್ಲೂ ಸಿಗ್ಲಿಲ್ಲ ಅಂದ್ರೆ ನಂಗೆ ಇನ್ನೊಂದ್ಸಲ ಬರಿ.