ಶೂನ್ಯ ಆಮೇಲೆ, ಮೊದಲು ಅಂಟು

ನಮಸ್ಕಾರ.

‘ಒಂದೇ ಬಣ್ಣ, ಅನಂತ ಮೌನ’ ಎಂಬ ನಿಮ್ಮ ಲೇಖನ ಓದಿದೆ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲು ಆಗುವುದಿಲ್ಲ. ಹಾಗಂತ ಒಂದು ಸಾಲಿನ ವಿಷಾದಪತ್ರ ಬರೆದು ಕೈತೊಳೆದುಕೊಳ್ಳಲೂ ಮನಸ್ಸು ಬರಲಿಲ್ಲ. ಅದಕ್ಕೆ ಕಾರಣ ನಿಮ್ಮ ನಾಲ್ಕನೇ ಪುಟ. ಆ ಪುಟಕ್ಕೆ ಆಮೇಲೆ ಬರುತ್ತೇನೆ.

ಮೊದಲು ತಕರಾರು. ಕಾಗದ, ಬಟ್ಟೆ, ಪ್ಲಾಸ್ಟರ್, ಮರ ಎಲ್ಲವನ್ನೂ ಸೇರಿಸಿ, ಒಂದೇ ಬಣ್ಣದಲ್ಲಿ ಮುಗಿಸುವ ಕಲೆಯ ಬಗ್ಗೆ ಬರೆಯಲು ಹೊರಟಿದ್ದೀರಿ. ಒಳ್ಳೆಯ ವಿಷಯ. ಆದರೆ ಮೊದಲ ಮೂರು ಪುಟಗಳಲ್ಲಿ ಶೂನ್ಯ ಇದೆ, ಮೌನ ಇದೆ, ಧ್ಯಾನ ಇದೆ, ಕಾಗದ ಮಾತ್ರ ಇಲ್ಲ. ಅಲ್ಲಿನ ಸಾಲುಗಳನ್ನು ಯಾವ ಚಿತ್ರದ ಕೆಳಗೆ ಅಂಟಿಸಿದರೂ ನಡೆಯುತ್ತದೆ. ಚಿತ್ರವೇ ಇಲ್ಲದ ಗೋಡೆಯ ಮೇಲೆ ಅಂಟಿಸಿದರೂ ನಡೆಯುತ್ತದೆ.

‘ಏಕವರ್ಣದ ಕೃತಿ ಎಂದರೆ ಮನಸ್ಸಿನ ಶಾಂತಿ’ ಎಂದು ಬರೆದಿದ್ದೀರಿ. ಎಲ್ಲರಿಗೂ ಹಾಗೇ ಇರಲಿಲ್ಲ. ಚಿತ್ರಕಾರ ಮಾಲೆವಿಚ್ 1915ರಲ್ಲಿ ತನ್ನ ‘ಕಪ್ಪು ಚೌಕ’ ಎಂಬ ಚಿತ್ರವನ್ನು ರಷ್ಯಾದ ಪೆಟ್ರೊಗ್ರಾಡ್‌ನ ಪ್ರದರ್ಶನದಲ್ಲಿ ಕೋಣೆಯ ಮೇಲ್ಮೂಲೆಯಲ್ಲಿ ತೂಗುಹಾಕಿದ. ರಷ್ಯಾದ ಮನೆಗಳಲ್ಲಿ ದೇವರ ಪಟ ಇಡುವ ಜಾಗ ಅದು. ಆರು ವರ್ಷ ಕಳೆದು, 1921ರಲ್ಲಿ, ಅದೇ ದೇಶದ ರಾಡ್ಚೆಂಕೊ ಕೆಂಪು, ಹಳದಿ, ನೀಲಿ ಬಣ್ಣದ ಮೂರು ಕ್ಯಾನ್ವಾಸ್‌ಗಳನ್ನು ತೋರಿಸಿ, ಇಲ್ಲಿಗೆ ಚಿತ್ರಕಲೆಯ ಕಥೆ ಮುಗಿಯಿತು ಅಂದ. ಒಬ್ಬನಿಗೆ ಅದು ಆರಂಭ, ಇನ್ನೊಬ್ಬನಿಗೆ ಅಂತ್ಯ. ಇಟಲಿಯ ಮಾಂಝೋನಿ 1950ರ ದಶಕದ ಕೊನೆಯಲ್ಲಿ ಕ್ಯಾನ್ವಾಸ್ ಬಟ್ಟೆಯನ್ನು ಪಿಂಗಾಣಿ ಮಣ್ಣಿನ ನೀರಿನಲ್ಲಿ ಅದ್ದಿ, ನೆರಿಗೆ ಹಿಡಿದು ಒಣಗಲು ಬಿಟ್ಟ. ಆ ಬಿಳಿಗೆ ಯಾವ ಅರ್ಥವೂ ಇರಬಾರದು ಅನ್ನುವುದೇ ಅವನ ಹಟ. ಇದರಲ್ಲಿ ನಿಮ್ಮ ಶಾಂತಿ ಎಲ್ಲಿ ಬಂತು?

ನನಗೆ ಜಾಸ್ತಿ ಬೇಸರ ತಂದದ್ದು ಬಂಗಾಳದ ಕಲಾವಿದ ಸೋಮನಾಥ್ ಹೋರ್ ವಿಷಯ. ಅವರ ಹೆಸರನ್ನು ಹತ್ತು ಹೆಸರುಗಳ ಪಟ್ಟಿಯಲ್ಲಿ ತುರುಕಿ, ‘ಬಿಳಿಯ ಪ್ರಶಾಂತತೆಯನ್ನು ಹಿಡಿದಿಟ್ಟವರು’ ಎಂದಿದ್ದೀರಿ. 1943ರ ಬಂಗಾಳದ ಕ್ಷಾಮವನ್ನು ಕಣ್ಣಾರೆ ಕಂಡು, ಹಸಿದವರನ್ನು ಚಿತ್ರಿಸಿದವರು ಅವರು. 1970ರ ದಶಕದಲ್ಲಿ ‘ಗಾಯಗಳು’ ಸರಣಿ ಮಾಡಿದರು. ಜೇಡಿಮಣ್ಣಿನ ಹಾಳೆಯನ್ನು ಕುಯ್ದು, ಅದರಿಂದ ಸಿಮೆಂಟಿನ ಅಚ್ಚು ತೆಗೆದು, ಅದರ ಮೇಲೆ ಕಾಗದದ ಪಲ್ಪ್, ಅಂದರೆ ಒದ್ದೆ ಮುದ್ದೆ, ಒತ್ತಿದರು. ಒಣಗಿದ ಮೇಲೆ ಸಿಗುವುದು ಬಿಳಿ ಹಾಳೆ, ಅದರ ಮೈಮೇಲೆ ಸೀಳು, ಬಾವು, ತೂತು. ಶಾಯಿಯ ಗೆರೆ ಇಲ್ಲ. ಬೆಳಕು ಓರೆಯಾಗಿ ಬಿದ್ದಾಗ ಮೂಡುವ ನೆರಳೇ ಗೆರೆ. ಇದನ್ನು ಪ್ರಶಾಂತ ಅಂದರೆ ನೀವು ಕೃತಿಯನ್ನು ನೋಡಿಲ್ಲ, ಬಣ್ಣದ ಹೆಸರನ್ನಷ್ಟೇ ಓದಿದ್ದೀರಿ ಎಂದಾಯಿತು, ಅಲ್ವಾ?

ಇನ್ನು ಸಾಮಗ್ರಿ. ‘ಬಿಳಿ ಬಳಿದರು’ ಎಂದು ಬರೆದು ಮುಂದೆ ಹೋಗುತ್ತೀರಿ. ಯಾವ ಬಿಳಿ? ಟೈಟಾನಿಯಂ ಬಿಳಿ ಕೆಳಗಿರುವುದನ್ನು ಹೆಚ್ಚುಕಡಿಮೆ ಪೂರ್ತಿ ಮುಚ್ಚಿಬಿಡುತ್ತದೆ. ಸತುವಿನ ಬಿಳಿಯಲ್ಲಿ ಕೆಳಗಿನದು ಸ್ವಲ್ಪ ಇಣುಕುತ್ತದೆ, ಎಣ್ಣೆಯಲ್ಲಿ ಕಲಸಿದ್ದಾದರೆ ವರ್ಷ ಕಳೆದಂತೆ ಪೆಡಸಾಗಿ ಬಿರುಕು ಬಿಡುತ್ತದೆ. ಸೀಮೆಸುಣ್ಣದ ಪುಡಿ ಮತ್ತು ಅಂಟು ಕಲಸಿದ ಜೆಸ್ಸೊ ನೀರು ಹೀರುತ್ತದೆ. ಕಪ್ಪೂ ಅಷ್ಟೇ. ಮೂಳೆ ಸುಟ್ಟ ಕಪ್ಪು ಕಂದಿನ ಕಡೆ ವಾಲುತ್ತದೆ, ದೀಪದ ಮಸಿಯ ಕಪ್ಪು ನೀಲಿಯ ಕಡೆ. ಎರಡನ್ನೂ ಅಕ್ಕಪಕ್ಕ ಬಳಿದರೆ ನಿಮ್ಮ ‘ಒಂದೇ ಬಣ್ಣ’ ಅಲ್ಲೇ ಎರಡಾಗುತ್ತದೆ.

ಅಮೆರಿಕದ ಆಡ್ ರೈನ್‌ಹಾರ್ಟ್‌ಗೆ ಇದು ಚೆನ್ನಾಗಿ ಗೊತ್ತಿತ್ತು. 1960ರಿಂದ ಅವರು ಐದಡಿ ಚೌಕದ ಕಪ್ಪು ಚಿತ್ರಗಳನ್ನೇ ಮಾಡಿದರು. ಹೊಳಪು ಬೇಡವೆಂದು ಬಣ್ಣದಿಂದ ಎಣ್ಣೆಯನ್ನೇ ಬಸಿದು ತೆಗೆಯುತ್ತಿದ್ದರು. ಸ್ವಲ್ಪ ಹೊತ್ತು ನಿಂತು ನೋಡಿದರೆ ಆ ಕಪ್ಪಿನೊಳಗೆ ಬೇರೆ ಬೇರೆ ಛಾಯೆಯ ಚೌಕಗಳು ನಿಧಾನಕ್ಕೆ ಕಾಣುತ್ತವೆ. ಎಣ್ಣೆ ಹೋದ ಆ ಮೇಲ್ಮೈ ಎಷ್ಟು ಸೂಕ್ಷ್ಮ ಅಂದರೆ ಬೆರಳು ತಾಗಿದರೂ ಗುರುತು ಉಳಿಯುತ್ತದೆ. ಕಲಾವಿದನ ಕೈಗುರುತೇ ಇರಬಾರದು ಅನ್ನುವ ತತ್ವ ಅವರದು. ಆ ತತ್ವ ಇರುವುದು ಎಣ್ಣೆ ಬಸಿಯುವ ಕೆಲಸದಲ್ಲಿ. ನೀವು ಎಣ್ಣೆಯ ವಿಷಯ ಬಿಟ್ಟು ತತ್ವವನ್ನು ಮಾತ್ರ ಎತ್ತಿಕೊಂಡಿದ್ದೀರಿ.

ಒಂದು ತಪ್ಪು ತಿದ್ದಿಕೊಳ್ಳಿ. ಅಮೆರಿಕದ ಸಂಗೀತಕಾರ ಜಾನ್ ಕೇಜ್‌ರ, ವಾದಕರು ಏನೂ ನುಡಿಸದ ಮೌನದ ಸಂಗೀತಕೃತಿ ಕೇಳಿ ಚಿತ್ರಕಾರ ರೌಶೆನ್‌ಬರ್ಗ್ ತಮ್ಮ ಬಿಳಿ ಚಿತ್ರಗಳನ್ನು ಮಾಡಿದರು ಎಂದಿದ್ದೀರಿ. ನಡೆದದ್ದು ಉಲ್ಟಾ. ಚಿತ್ರಗಳು 1951ರವು, ಸಂಗೀತ 1952ರದು. ಚಿತ್ರಗಳೇ ಮೊದಲು ಬಂದವು ಎಂದು ಕೇಜ್ ಅವರೇ ಬರೆದಿದ್ದಾರೆ.

ಈಗ ನಾಲ್ಕನೇ ಪುಟ. ಟಿಶ್ಯೂ ಕಾಗದವನ್ನು ನೀರು ಬೆರೆಸಿದ ಅಂಟಿನಲ್ಲಿ ಅದ್ದಿ ರಟ್ಟಿನ ಮೇಲೆ ಹಾಸಿದಿರಿ. ಬೆಳಗ್ಗೆ ನೋಡಿದರೆ ಕಾಗದ ಬಿಗಿದುಕೊಂಡಿತ್ತು, ರಟ್ಟು ದೋಣಿಯ ಹಾಗೆ ಬಾಗಿತ್ತು. ಇಡೀ ಲೇಖನದಲ್ಲಿ ನಾನು ನಂಬಿದ ಜಾಗ ಇದೊಂದೇ. ಆದರೆ ಮುಂದಿನ ಸಾಲಿನಲ್ಲೇ ‘ಬದುಕೂ ಹೀಗೇ ಬಾಗುತ್ತದೆ’ ಎಂದು ಬರೆದು ಕೆಡಿಸಿದಿರಿ. ಬದುಕು ಆಮೇಲೆ ಬಾಗಲಿ, ಮೊದಲು ರಟ್ಟು ಯಾಕೆ ಬಾಗಿತು ಹೇಳಿ. ಒದ್ದೆ ಕಾಗದ ಹಿಗ್ಗುತ್ತದೆ, ಒಣಗುವಾಗ ಕುಗ್ಗುತ್ತದೆ, ಅಂಟೂ ಕುಗ್ಗುತ್ತದೆ, ಎರಡೂ ಸೇರಿ ರಟ್ಟನ್ನು ಒಂದೇ ಕಡೆಗೆ ಎಳೆಯುತ್ತವೆ. ಹಿಂಬದಿಗೂ ಅಷ್ಟೇ ಕಾಗದ, ಅಷ್ಟೇ ಅಂಟು ಹಚ್ಚಿದ್ದರೆ ಎಳೆತ ಸರಿದೂಗುತ್ತಿತ್ತು. ಹಚ್ಚಬೇಕಿತ್ತಾ, ಅಥವಾ ಆ ಬಾಗನ್ನೇ ಉಳಿಸಿಕೊಳ್ಳಬೇಕಾ? ಕೊರಿಯಾದ ಹಾ ಚೋಂಗ್-ಹ್ಯುನ್ ಒರಟು ಗೋಣಿಬಟ್ಟೆಯ ಹಿಂದಿನಿಂದ ಬಣ್ಣ ಒತ್ತಿ, ನೇಯ್ಗೆಯ ಸಂದಿಯಿಂದ ಅದು ತಾನಾಗಿ ಉಕ್ಕುವಂತೆ ಮಾಡುತ್ತಾರೆ. ಅರ್ಧ ಕೆಲಸ ಕಲಾವಿದನದು, ಅರ್ಧ ಬಟ್ಟೆಯದು. ನಿಮ್ಮ ರಟ್ಟಿಗೆ ಎಷ್ಟು ಪಾಲು ಕೊಡುತ್ತೀರಿ ಅನ್ನುವ ಪ್ರಶ್ನೆಯಲ್ಲೇ ನೀವು ಹುಡುಕುತ್ತಿರುವ ತತ್ವ ಇದೆ.

ಹಾಗಾಗಿ ಮೊದಲ ಮೂರು ಪುಟ ತೆಗೆಯಿರಿ. ಬಾಗಿದ ರಟ್ಟಿನಿಂದ ಶುರು ಮಾಡಿ. ಹೆಸರುಗಳ ಪಟ್ಟಿ ಬೇಡ. ಇಬ್ಬರು ಸಾಕು, ಆ ಇಬ್ಬರಲ್ಲಿ ಒಬ್ಬರು ಹೋರ್ ಆಗಿರಲಿ. ‘ಅನನ್ಯ’, ‘ಅಮೂರ್ತ ಅನುಭೂತಿ’ ಇವನ್ನು ಹುಡುಕಿ ಹುಡುಕಿ ಅಳಿಸಿ. ಫೋಟೋಗಳನ್ನೂ ಮತ್ತೆ ತೆಗೆಯಬೇಕು. ಫ್ಲ್ಯಾಶ್ ಹಾಕಿದ್ದರಿಂದ ಉಬ್ಬುತಗ್ಗೆಲ್ಲ ಅಳಿಸಿಹೋಗಿ ಬರೀ ಬಿಳಿ ಹಾಳೆ ಕಾಣುತ್ತಿದೆ. ಕಿಟಕಿಯ ಪಕ್ಕ, ಬೆಳಕು ಒಂದೇ ಬದಿಯಿಂದ ಬೀಳುವಂತೆ ಇಟ್ಟು ತೆಗೆಯಿರಿ. ರಟ್ಟಿನ ಅಂಚಿನ ಫೋಟೋ ಒಂದಿರಲಿ, ಹಿಂಬದಿಯದೂ ಒಂದಿರಲಿ.